ಹುಟ್ಟುಹಬ್ಬಕ್ಕೆ ಕುದುರೆ ಬೇಕಾ, ದೇಯಿಯಕ್ಕ?

ಕೇಕ್ ಒಂದು ತಂದು, ನೆರೆಮನೆಯ ನಾಲ್ಕು ಮಕ್ಕಳನ್ನು ಕರೆದು, ಚಕ್ಕುಲಿ ಮಿಕ್ಸ್ಚರ್ ಕೊಟ್ಟು ಹುಟ್ಟುಹಬ್ಬ ಮುಗಿಸುವ ಕಾಲ ಈಗ ಹೋಯಿತು. ತೊಕ್ಕೊಟ್ಟಿನ ದೇಯಿಯಕ್ಕನಿಗೆ ಇದು ಚೆನ್ನಾಗಿ ಗೊತ್ತು. ಅವರಿರುವ ಫ್ಲ್ಯಾಟಿನ ಕಟ್ಟಡದಲ್ಲೇ ಮಾರ್ಚ್ ತಿಂಗಳಲ್ಲಿ ಒಬ್ಬರು ಬಲೂನಿನ ಕಮಾನು ಕಟ್ಟಿಸಿದರು. ಏಪ್ರಿಲಿನಲ್ಲಿ ಇನ್ನೊಬ್ಬರು ಮಾಯಾಜಾಲದವನನ್ನು ಕರೆಸಿದರು. ಮೇ ತಿಂಗಳಲ್ಲಿ ದೇಯಿಯಕ್ಕನ ಮೊಮ್ಮಗಳು ಮೋಕ್ಷಾಳಿಗೆ ಆರು ತುಂಬುತ್ತದೆ. ಅವಳು ಫೋನಿನಲ್ಲಿ ಅಪ್ಪನ ಹತ್ತಿರ ಒಂದೇ ಮಾತು ಹೇಳಿದಳು.

"ಪಪ್ಪ, ನನಗೆ ಕುದುರೆ ಬೇಕು. ನಿಜವಾದ ಕುದುರೆ."

ಮಸ್ಕತ್ತಿನಲ್ಲಿ ಎ.ಸಿ. ರಿಪೇರಿ ಕಂಪೆನಿಯಲ್ಲಿ ಕೆಲಸ ಮಾಡುವ ಮುಖೇಶ ಹಿಂದೆಮುಂದೆ ನೋಡಲಿಲ್ಲ. "ಆಯ್ತು ಮಗಾ, ಕುದುರೆ ತರಿಸುವಾ" ಎಂದುಬಿಟ್ಟ. ಎರಡು ವರ್ಷದಿಂದ ಅವನು ಮಗಳ ಹುಟ್ಟುಹಬ್ಬ ನೋಡಿದ್ದು ಫೋನಿನ ಪರದೆಯಲ್ಲಿ. ಈ ಸಲ ರಜೆ ಸಿಕ್ಕಿತ್ತು. ಮಗಳು ಚಂದ್ರನನ್ನು ಕೇಳಿದ್ದರೂ ಅವನು ಹೂಂ ಎನ್ನುತ್ತಿದ್ದ.

ದೇಯಿಯಕ್ಕನಿಗೂ ಖುಷಿಯೇ. ಕೆಳಗಿನ ಮನೆಯ ಲಿಡಿಯಾ ಮೆಟ್ಟಿಲಲ್ಲಿ ಸಿಕ್ಕಿದಾಗ ನಿಲ್ಲಿಸಿ ಹೇಳಿದರು. ಲಿಡಿಯಾ ಪಶು ಆಸ್ಪತ್ರೆಯಲ್ಲಿ ಡಾಕ್ಟರು.

"ಡಾಕ್ಟ್ರೇ, ಆರನೇ ತಾರೀಕು ಸಂಜೆ ನಾಲ್ಕಕ್ಕೆ ಬಾಡಿಗೆಗೆ ಹಿಡಿದ ಹಾಲ್‌ನಲ್ಲಿ ಮೋಕ್ಷಾಳ ಬರ್ತ್‌ಡೇ. ನೀವು ಬರ್ಲೇಬೇಕು. ಕುದುರೆ ಉಂಟು ಮತ್ತೆ!"

"ಕುದುರೆಯಾ? ಹಾಲ್‌ನ ಒಳಗೆ?"

"ಹೌದು. ಮಕ್ಕಳನ್ನು ಕೂರಿಸಿ ಒಂದೊಂದು ರೌಂಡ್."

"ನೆಲ ಎಂತದ್ದು ದೇಯಿಯಕ್ಕ? ಟೈಲ್ಸಾ?"

"ಟೈಲ್ಸೇ. ಪಳಪಳ ಹೊಳೀತದೆ."

"ಮ್ಯೂಸಿಕ್ ಉಂಟಾ? ಢಂ ಅನ್ನುವ ಪಾರ್ಟಿ ಪಾಪರ್ ಹೊಡೀತಾರಾ?"

"ಅದಿಲ್ಲದೆ ಬರ್ತ್‌ಡೇ ಉಂಟಾ ಮಾರಾಯ್ತಿ?"

ಲಿಡಿಯಾ ತರಕಾರಿ ಚೀಲವನ್ನು ಕೆಳಗಿಟ್ಟರು. "ಹೇಳ್ತೇನೆಂತ ಬೇಜಾರು ಮಾಡ್ಬೇಡಿ. ಕುದುರೆ ಹೆದರುವ ಜಾತಿ. ಢಂ ಅಂತ ಸದ್ದಾದ್ರೆ ಅದಕ್ಕೆ ಗೊತ್ತಿರುವುದು ಎರಡೇ. ಓಡುವುದು, ಇಲ್ಲದಿದ್ರೆ ಒದೆಯುವುದು. ಟೈಲ್ಸಿನ ಮೇಲೆ ಅದಕ್ಕೆ ಕಾಲು ನಿಲ್ಲುವುದಿಲ್ಲ. ಜಾರಿದ್ರೆ ಮೇಲಿದ್ದ ಮಗುವೂ ಬಿತ್ತು, ಅದೂ ಬಿತ್ತು. ಮತ್ತೆ ಈ ಸೆಕೆಯಲ್ಲಿ ಇಪ್ಪತ್ತೈದು ಮಕ್ಕಳಿಗೆ ಇಪ್ಪತ್ತೈದು ಸುತ್ತು ಅಂದ್ರೆ..."

"ಡಾಕ್ಟ್ರುಗಳಿಗೆ ಎಲ್ಲಿ ನೋಡಿದ್ರೂ ಕಾಯಿಲೆಯೇ ಕಾಣುವುದು" ಎಂದು ದೇಯಿಯಕ್ಕ ನಕ್ಕರು. "ನನ್ನ ಅಪ್ಪನ ಹಟ್ಟಿಯಲ್ಲಿ ಎರಡು ಜೋಡಿ ಕೋಣ ಇದ್ದವು. ಕೋಣದ ಕಾಲಡಿಯಲ್ಲಿ ಆಡಿ ಬೆಳೆದವರು ನಾವು. ಈ ಸಣ್ಣ ಕುದುರೆಗೆ ಹೆದರ್ತೇವಾ?"

ಲಿಡಿಯಾ ವಾದ ಮಾಡಲಿಲ್ಲ. ಚೀಲ ಎತ್ತಿಕೊಂಡರು. "ಕೋಣ ಸಾಕಿದವರಿಗೆ ನಾನು ಹೇಳುವುದೆಂತ? ಒಂದು ಕೆಲಸ ಮಾಡಿ. ಬುಕ್ ಮಾಡುವ ಮೊದಲು ಹೋಗಿ ಆ ಪ್ರಾಣಿಯನ್ನು ನೋಡಿ ಬನ್ನಿ. ಬೆನ್ನು ನೋಡಿ, ಕಾಲು ನೋಡಿ. ಮತ್ತೆ ನಿಮಗೇ ಗೊತ್ತಾಗ್ತದೆ."

ಆ ಮಾತು ದೇಯಿಯಕ್ಕನಿಗೆ ಸ್ವಲ್ಪ ಚುಚ್ಚಿತು. ನೋಡಿಯೇ ಬರುವಾ ಎಂದುಕೊಂಡರು.

ಮುಖೇಶ ಬಂದ ಮೂರನೇ ದಿನ, ಅವನು, ದೇಯಿಯಕ್ಕ, ಮೋಕ್ಷಾ ಮೂವರೂ ರಿಕ್ಷಾ ಹತ್ತಿ ಉಳ್ಳಾಲಕ್ಕೆ ಹೊರಟರು. ಸೊಸೆ ನಿರೀಕ್ಷಾಳಿಗೆ ಬ್ಯಾಂಕಿನಲ್ಲಿ ಡ್ಯೂಟಿ ಇತ್ತು. ಮೋಕ್ಷಾ ದಾರಿಯುದ್ದಕ್ಕೂ ಅಪ್ಪನ ತೊಡೆಯ ಮೇಲೆ ಕುಳಿತು ಟಕ್ ಟಕ್ ಎಂದು ನಾಲಿಗೆಯಲ್ಲಿ ಕುದುರೆ ಓಡಿಸಿದಳು.

ಕುದುರೆಯ ಯಜಮಾನರು ಬೂಬಣ್ಣ. ಐವತ್ತೈದು ದಾಟಿದ ಮನುಷ್ಯ. ಮೊದಲು ಬೋಟಿಗೆ ಹೋಗುತ್ತಿದ್ದರು, ಸೊಂಟ ನೋವು ಬಂದ ಮೇಲೆ ಸಮುದ್ರ ಬಿಟ್ಟು ಕುದುರೆ ಹಿಡಿದಿದ್ದರು. ಸಂಜೆ ಹೊತ್ತು ಬೀಚಿನಲ್ಲಿ ಮಕ್ಕಳನ್ನು ಕೂರಿಸಿ ತಿರುಗಿಸುವುದು ಅವರ ಕಸುಬು. ಮನೆಯ ಹಿಂದೆ ಶೀಟು ಹಾಕಿದ ಕೊಟ್ಟಿಗೆ. ಅಲ್ಲಿ ಬೆಲ್ಲದ ಬಣ್ಣದ ಗಿಡ್ಡ ಪೋನಿ ಕುದುರೆ ಒಂದು ನಿಂತಿತ್ತು. ಹೆಸರು ಚಿನ್ನು. ಹಣೆಯ ಮೇಲೆ ಕೆಂಪು ಗೊಂಡೆ, ಬೆನ್ನ ಮೇಲೆ ಮಿರಿಮಿರಿ ಮಿಂಚುವ ಬಟ್ಟೆ.

"ಬನ್ನಿ ಬನ್ನಿ. ಇವಳು ಪಾಪ, ಇರುವೆಯನ್ನೂ ತುಳಿಯುವವಳಲ್ಲ" ಎಂದರು ಬೂಬಣ್ಣ. ಅವರ ದನಿ ಕೇಳಿದ ಕೂಡಲೇ ಚಿನ್ನು ಮೂತಿಯನ್ನು ತಂದು ಅವರ ಅಂಗಿಯ ಕಿಸೆಗೆ ತುರುಕಿತು. ಅಲ್ಲಿ ಒಂದು ಚೂರು ಬೆಲ್ಲ ಇರುವುದು ಅದಕ್ಕೆ ಗೊತ್ತಿತ್ತು.

ದೇಯಿಯಕ್ಕನ ಮನಸ್ಸು ಅಲ್ಲೇ ಕರಗಿತು. ಹತ್ತಿರ ಹೋಗಿ ಕುತ್ತಿಗೆ ಸವರಿದರು. ಕೈ ಹಾಗೇ ಬೆನ್ನಿನ ಕಡೆಗೆ ಜಾರಿತು. ಚಿನ್ನುವಿನ ಚರ್ಮ ಅಲ್ಲಿ ತಟ್ಟನೆ ನಡುಗಿತು. ಕಿವಿ ಹಿಂದಕ್ಕೆ ಅಂಟಿಕೊಂಡಿತು.

ಪ್ರಾಣಿ ಸಾಕಿದ ಮನೆಯ ಕೈ ಅದು. ಅದಕ್ಕೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ದೇಯಿಯಕ್ಕ ಮಿಂಚುವ ಬಟ್ಟೆಯನ್ನು ಮೆಲ್ಲನೆ ಎತ್ತಿದರು. ಜೀನು ಕೂರುವ ಜಾಗದಲ್ಲಿ ಕೂದಲು ಉದುರಿ, ಅಂಗೈಯಗಲ ಚರ್ಮ ಸುಲಿದು ಕೆಂಪಾಗಿತ್ತು.

"ಇದೆಂತ ಬೂಬಣ್ಣ?"

ಬೂಬಣ್ಣ ತಲೆ ತಗ್ಗಿಸಿದರು. "ಹೋದ ಆದಿತ್ಯವಾರ ಎರಡು ಬರ್ತ್‌ಡೇ ಇತ್ತು ಅಕ್ಕ. ಮಕ್ಕಳಾದ್ರೆ ತೊಂದ್ರೆ ಇಲ್ಲ. ಒಬ್ಬರು ದೊಡ್ಡವರು ಫೋಟೋಕ್ಕೆ ಅಂತ ಹತ್ತಿ ಕೂತರು. ಬೇಡ ಸಾರ್ ಅಂದೆ, ಕೇಳ್ಲಿಲ್ಲ. ಅರಿಶಿನ ಎಣ್ಣೆ ಹಚ್ಚಿದ್ದೇನೆ. ನಿಮ್ಮ ಫಂಕ್ಷನ್ ಹೊತ್ತಿಗೆ ಬಟ್ಟೆ ಹೊದಿಸಿದ್ರೆ ಕಾಣುವುದಿಲ್ಲ."

"ಕಾಣುವುದಿಲ್ಲ, ಸರಿ. ನೋಯುವುದಿಲ್ವಾ?"

ಬೂಬಣ್ಣ ಆ ಬಟ್ಟೆಯನ್ನು ಮೆಲ್ಲನೆ ಕೆಳಗಿಳಿಸಿದರು.

ಮುಖೇಶ ಮಧ್ಯೆ ಬಂದ. "ಅಮ್ಮ, ಒಂದು ಗಂಟೆಯ ಮಟ್ಟಿಗೆ ಅಲ್ವಾ? ಮೆತ್ತಗೆ ಏನಾದ್ರೂ ಹಾಕಿ ಮೇಲೆ ಜೀನು ಹಾಕಿದ್ರೆ ಆಯ್ತಪ್ಪ. ಮಗುವಿಗೆ ಮಾತು ಕೊಟ್ಟಾಗಿದೆ."

ದೊಡ್ಡವರು ಹೀಗೆ ಮಾತಿನಲ್ಲಿದ್ದಾಗ ಮೋಕ್ಷಾ ಎಲ್ಲಿದ್ದಾಳೆಂದು ಯಾರೂ ನೋಡಲಿಲ್ಲ. ಅವಳಿಗೆ ಬೇಕಿದ್ದದ್ದು ಬಾಲ. ಉದ್ದದ, ರೇಷ್ಮೆಯಂತಹ ಬಾಲ. ಅದನ್ನು ಮುಟ್ಟಲು ಅವಳು ಕುದುರೆಯ ಹಿಂದೆ ಹೋಗಿ ನಿಂತಿದ್ದಳು. ನೀರಿನ ಬಕೆಟು ಅವಳಿಗೂ ಕುದುರೆಗೂ ನಡುವೆ ಇತ್ತು.

ಅಷ್ಟರಲ್ಲಿ ರಸ್ತೆಯಲ್ಲಿ ಮೀನಿನ ಟೆಂಪೋದವರು ಹಿಂದಿನ ಬಾಗಿಲನ್ನು ಢಣಾರನೆ ಹಾಕಿದರು.

ಚಿನ್ನು ಬೆಚ್ಚಿ ಹಿಂಗಾಲು ಝಾಡಿಸಿತು. ಬಕೆಟು ಎರಡು ಹೋಳಾಗಿ ಗೋಡೆಗೆ ಬಡಿಯಿತು. ನೀರು ಮೋಕ್ಷಾಳ ಮುಖಕ್ಕೆ ರಾಚಿತು. ಅವಳು ಅಲ್ಲೇ ಕುಸಿದು ಕುಳಿತಳು.

ಮುಖೇಶ ಹಾರಿ ಹೋಗಿ ಮಗಳನ್ನು ಎತ್ತಿಕೊಂಡ. ತಲೆ ಮುಟ್ಟಿದ, ಕೈ ಮುಟ್ಟಿದ, ಹೊಟ್ಟೆ ಮುಟ್ಟಿದ. ಏನೂ ಆಗಿರಲಿಲ್ಲ. ಬಕೆಟು ಇದ್ದ ಕಡೆ ಅವಳು ಒಂದು ಹೆಜ್ಜೆ ಮುಂದಿಟ್ಟಿದ್ದರೆ ಏನಾಗುತ್ತಿತ್ತೆಂದು ಎಲ್ಲರಿಗೂ ಗೊತ್ತಾಯಿತು.

ಬೂಬಣ್ಣ ಕುದುರೆಯ ಕುತ್ತಿಗೆಯನ್ನು ಅಪ್ಪಿ ಹಿಡಿದಿದ್ದರು. ಅದರ ಎದೆ ಡವಡವ ಹೊಡೆದುಕೊಳ್ಳುತ್ತಿತ್ತು. "ಅದರದ್ದು ತಪ್ಪಲ್ಲ ಸಾರ್" ಎಂದರು, ಅಳುವವರ ಹಾಗೆ. "ಬೆನ್ನು ನೋಯುವಾಗ ಅದಕ್ಕೆ ಹೆದರಿಕೆ ಜಾಸ್ತಿ. ನನಗೂ ಈ ಹಾಲ್‌ಗಳಿಗೆ ಕರ್ಕೊಂಡು ಹೋಗ್ಲಿಕ್ಕೆ ಮನಸ್ಸಿಲ್ಲ. ಆದ್ರೆ ಮನೆ ನಡೀಬೇಕಲ್ಲ?"

ಮನೆಗೆ ಬಂದ ಮೇಲೆ ಮೋಕ್ಷಾ ಮಲಗಿದಳು. ಮುಖೇಶ ಬಾಲ್ಕನಿಯಲ್ಲಿ ಕುಳಿತಿದ್ದ. ದೇಯಿಯಕ್ಕ ಚಹಾ ತಂದು ಅವನ ಮುಂದಿಟ್ಟರು.

"ನಾನು ಅಲ್ಲಿ ಇರುವಾಗ ಅವಳಿಗೆ ಏನೂ ಮಾಡ್ಲಿಕ್ಕೆ ಆಗುವುದಿಲ್ಲ ಅಮ್ಮ" ಎಂದ ಅವನು. "ಜ್ವರ ಬಂದ್ರೂ ಫೋನ್, ಶಾಲೆಗೆ ಸೇರಿಸಿದ್ರೂ ಫೋನ್. ಕೇಳಿದ್ದು ಒಂದಾದ್ರೂ ಕೊಡುವಾ ಅಂತ ಕಂಡಿತು."

ದೇಯಿಯಕ್ಕ ಮಗನ ತಲೆಯ ಮೇಲೆ ಕೈಯಿಟ್ಟರು. "ನನಗೂ ಹಾಗೇ ಕಂಡಿತು ಮಗಾ. ಅದಕ್ಕೇ ಡಾಕ್ಟ್ರು ಹೇಳಿದ್ದು ನನ್ನ ಕಿವಿಗೆ ಹೋಗಲಿಲ್ಲ. ಈಗ ಅವರ ಹತ್ತಿರವೇ ಕೇಳುವಾ."

ಹೇಳಿ ಕಳಿಸಿದ ಕೂಡಲೇ ಲಿಡಿಯಾ ಮೇಲೆ ಬಂದರು. "ನಾನು ಮೊದಲೇ ಹೇಳಿದ್ದೆ" ಎಂಬ ಮಾತು ಅವರ ಬಾಯಿಂದ ಬರಲಿಲ್ಲ. ಅವರು ಮೊದಲು ಕೇಳಿದ್ದು ಗಾಯ ಎಷ್ಟು ದೊಡ್ಡದು ಎಂದು. ಮರುದಿನ ಬೆಳಿಗ್ಗೆ ದೇಯಿಯಕ್ಕನನ್ನೂ ಕರೆದುಕೊಂಡು ಉಳ್ಳಾಲಕ್ಕೆ ಹೋಗಿ ಗಾಯ ತೊಳೆದರು, ಮುಲಾಮು ಹಚ್ಚಿದರು, ಇಂಜೆಕ್ಷನ್ ಕೊಟ್ಟರು.

"ಪೂರ್ತಿ ಗುಣ ಆಗುವವರೆಗೆ ಜೀನು ಹಾಕ್ಬೇಡಿ ಬೂಬಣ್ಣ" ಎಂದರು. "ಗಾಯ ಇರುವ ಪ್ರಾಣಿಯನ್ನು ದುಡಿಸುವುದು ಕಾನೂನಿನಲ್ಲಿ ಅಪರಾಧ. ಅದನ್ನು ಬಿಡಿ, ಇವಳು ಬಿದ್ದು ಕಾಲು ಮುರಿದುಕೊಂಡ್ರೆ ನಿಮಗೆ ಮತ್ತೆ ಯಾರುಂಟು?"

ಬೂಬಣ್ಣ ಕಣ್ಣೊರೆಸಿಕೊಂಡು ಹೂಂ ಎಂದರು.

ಉಳಿದದ್ದು ಮೋಕ್ಷಾ. ಕುದುರೆ ಬರುವುದಿಲ್ಲ ಎಂದಾಗ ಅವಳು ಸುಮ್ಮನಿರಲಿಲ್ಲ. ಅತ್ತಳು, ಚಪ್ಪಲಿ ಎಸೆದಳು. "ಪಪ್ಪ ಸುಳ್ಳು" ಎಂದಳು. ಆ ಮಾತು ಮುಖೇಶನಿಗೆ ನಾಟಿತು. ಆದರೂ ಅವನು ಮಗಳನ್ನು ಎದುರಿಗೆ ಕೂರಿಸಿಕೊಂಡು ಹೇಳಿದ. "ಚಿನ್ನುವಿಗೆ ಬೆನ್ನಲ್ಲಿ ಗಾಯ ಆಗಿದೆ ಮಗಾ. ನಿನಗೆ ಮಂಡಿ ತರಚಿದಾಗ ಯಾರಾದ್ರೂ ಅದರ ಮೇಲೆ ಕೂತಿದ್ರೆ?"

ಮೋಕ್ಷಾ ಮೂಗು ಒರೆಸಿಕೊಂಡಳು. "ಬ್ಯಾಂಡೇಡ್ ಹಾಕಿದ್ದಾರಾ?" ಎಂದು ಕೇಳಿದಳು.

ಆರನೇ ತಾರೀಕು ಬೆಳಿಗ್ಗೆ ಏಳು ಗಂಟೆಗೆ, ಬಿಸಿಲು ಏರುವ ಮೊದಲು, ಮೋಕ್ಷಾ ಮತ್ತು ಅವಳ ಐವರು ಗೆಳತಿಯರು ಅಮ್ಮಂದಿರ ಜೊತೆ ಬೂಬಣ್ಣನ ಮನೆಗೆ ಹೋದರು. ದೇಯಿಯಕ್ಕ ರಾತ್ರಿಯೇ ಹುರುಳಿ ನೆನೆಹಾಕಿದ್ದರು. ನಿರೀಕ್ಷಾ ರಜೆ ಹಾಕಿ ಕ್ಯಾರೆಟ್ ಹೆಚ್ಚಿ ತಂದಿದ್ದಳು. ಅಂಗೈಯನ್ನು ಚಪ್ಪಟೆಯಾಗಿ ಹಿಡಿದು ಹೇಗೆ ತಿನ್ನಿಸಬೇಕು, ಕುದುರೆಯ ಹಿಂದೆ ಯಾಕೆ ನಿಲ್ಲಬಾರದು ಎಂದು ಲಿಡಿಯಾ ತೋರಿಸಿಕೊಟ್ಟರು. ಒಂದೊಂದೇ ಮಗು ಅಮ್ಮನ ಕೈ ಹಿಡಿದು ಮುಂದೆ ಬಂದಿತು. ಚಿನ್ನುವಿನ ತುಟಿ ಅಂಗೈಗೆ ತಾಗಿದಾಗ ಮಕ್ಕಳು ಕಿಲಕಿಲ ನಕ್ಕರು. ಯಾರೂ ಹತ್ತಲಿಲ್ಲ, ಯಾರೂ ಕೇಳಲೂ ಇಲ್ಲ. ಬೂಬಣ್ಣ ಕುದುರೆಯ ಕಥೆಗಳನ್ನು ಹೇಳಿದರು. ಪಾರ್ಟಿಗೆ ಬಂದರೆ ಸಿಗುತ್ತಿದ್ದ ಬಾಡಿಗೆಯನ್ನು ಮುಖೇಶ ಅವರ ಕೈಗಿತ್ತ. ಬೂಬಣ್ಣ ಬೇಡವೆಂದರು. "ಚಿನ್ನುವಿನ ಹುಲ್ಲಿಗೆ" ಎಂದು ದೇಯಿಯಕ್ಕ ಗದರಿದ ಮೇಲೆ ತೆಗೆದುಕೊಂಡರು.

ಸಂಜೆ ಹಾಲ್‌ನಲ್ಲಿ ಕೇಕ್ ಕತ್ತರಿಸಿದರು. ಮಕ್ಕಳು ಹೊರಗೆ ಅಂಗಳದಲ್ಲಿ ಲಗೋರಿ ಆಡಿ ಬೆವತು ಹೋದರು. ಬಂದವರಿಗೆಲ್ಲ ಮೋಕ್ಷಾ ಹೇಳಿದ್ದು ಒಂದೇ ಸುದ್ದಿ: "ಚಿನ್ನುವಿಗೆ ಹಲ್ಲು ಎಷ್ಟು ದೊಡ್ಡದು ಗೊತ್ತುಂಟಾ?"

ಮೇ ತಿಂಗಳ ಕೊನೆಯ ಆದಿತ್ಯವಾರ ಲಿಡಿಯಾ ಚಿನ್ನುವಿನ ಬೆನ್ನು ಮುಟ್ಟಿ ನೋಡಿದರು. ಹೊಸ ಕೂದಲು ಬಂದಿತ್ತು. ಚರ್ಮ ನಡುಗಲಿಲ್ಲ. "ಒಂದೇ ರೌಂಡ್" ಎಂದರು. ಬೀಚಿನಲ್ಲಿ ಜನ ಸೇರುವ ಮೊದಲು, ಒದ್ದೆ ಮರಳಿನ ಮೇಲೆ, ತಲೆಗೆ ಹೆಲ್ಮೆಟ್ ಹಾಕಿಕೊಂಡು ಮೋಕ್ಷಾ ಕುದುರೆ ಹತ್ತಿದಳು. ಲಗಾಮು ಬೂಬಣ್ಣನ ಕೈಯಲ್ಲಿ. ಮಗಳ ಸೊಂಟ ಹಿಡಿದು ಪಕ್ಕದಲ್ಲೇ ನಡೆದವನು ಮುಖೇಶ. ಎರಡು ದಿನ ಕಳೆದರೆ ಅವನಿಗೆ ವಿಮಾನ. ಅವನು ಫೋಟೋ ತೆಗೆಯಲಿಲ್ಲ. ಎರಡೂ ಕೈ ಬೇಕಿತ್ತು.

ಪ್ರಿಯ ತಂದೆತಾಯಿಗಳೇ, ಅಜ್ಜ ಅಜ್ಜಿಯರೇ,

ನಿಮ್ಮ ಮನೆಯ ಮಗುವೂ ಕುದುರೆ ಕೇಳಬಹುದು. ಗದರಬೇಡಿ. ಆದರೆ ಹಾಲ್‌ಗೆ, ಟೆರೇಸಿಗೆ, ಸ್ಪೀಕರಿನ ಪಕ್ಕಕ್ಕೆ, ಮಧ್ಯಾಹ್ನದ ಬಿಸಿಲಿಗೆ ಕುದುರೆಯನ್ನು ಕರೆಸಬೇಡಿ. ಅಲ್ಲಿ ಮಗುವಿಗೂ ಅಪಾಯ, ಅದಕ್ಕೂ ಹಿಂಸೆ. ಮಗುವನ್ನು ಅದರ ಬಳಿಗೆ ಕರೆದುಕೊಂಡು ಹೋಗಿ. ಹೊದಿಸಿದ ಬಟ್ಟೆ ಎತ್ತಿ ಬೆನ್ನು ನೋಡಿ. ಗಾಯವಿದ್ದರೆ, ಕುಂಟುತ್ತಿದ್ದರೆ, ನೀರು ನೆರಳು ಇಲ್ಲದಿದ್ದರೆ ಹತ್ತಬೇಡಿ, ಹತ್ತಿರದ ಪಶು ಆಸ್ಪತ್ರೆಗೆ ತಿಳಿಸಿ. ದೊಡ್ಡವರು ಫೋಟೋದ ಆಸೆಗೆ ಸಣ್ಣ ಕುದುರೆಯ ಮೇಲೆ ಕೂರುವುದು ಬೇಡವೇ ಬೇಡ. ಕುದುರೆ ಮಗುವಿಗೆ ಕಚ್ಚಿದರೆ ಅಥವಾ ಅದರ ಹಲ್ಲು ತಾಗಿ ತರಚಿದರೆ ಸೋಪು ಹಾಕಿ ಹರಿಯುವ ನೀರಿನಲ್ಲಿ ಚೆನ್ನಾಗಿ ತೊಳೆದು ಅಂದೇ ಆಸ್ಪತ್ರೆಗೆ ಹೋಗಿ. ಒದೆ ಬಿದ್ದರೆ, ಹೊರಗೆ ಗಾಯ ಕಾಣದಿದ್ದರೂ ಡಾಕ್ಟರಿಗೆ ತೋರಿಸಿ.

ಕುದುರೆಯವರ ಹೊಟ್ಟೆಪಾಡನ್ನೂ ಮರೆಯಬೇಡಿ. "ಇವತ್ತು ಇವಳಿಗೆ ರಜೆ" ಎಂದು ಹೇಳುವ ಯಜಮಾನ ಸಿಕ್ಕಿದರೆ ಬೇಸರ ಮಾಡಿಕೊಳ್ಳಬೇಡಿ. ಮುಂದಿನ ಸಲವೂ ಅವರ ಬಳಿಗೇ ಹೋಗಿ.