ಬಾನೆಟ್ಟಿನ ಮೇಲೆ ಎರಡು ಗುದ್ದು

ಹಸುಗಳು ಹರಾಜಿನಲ್ಲಿ ಹೋದ ಮೇಲೆ ಆರಿನ್ ಹಾಗ್ಸೆತ್‌ಗೆ ಒಂದು ಸಂಗತಿ ಹೊಳೆಯಿತು: ಇಷ್ಟು ವರ್ಷ ಕೊಟ್ಟಿಗೆಯನ್ನು ಬೆಚ್ಚಗಿಟ್ಟಿದ್ದು ತಾನು ಹೆಮ್ಮೆಯಿಂದ ಕಟ್ಟಿಸಿದ ಗೋಡೆಯಲ್ಲ, ಹಸುಗಳ ಮೈ. ವಿಸ್ಕಾನ್ಸಿನ್ನಿನ ಚಳಿ ವಾರದೊಳಗೆ ಒಳನುಗ್ಗಿ ನೀರಿನ ಬಾನಿಗಳನ್ನು ಕಲ್ಲು ಮಾಡಿತು.

ಇದು ಅವನಿಗಿಂತ ಮೊದಲೇ ತಿಳಿದದ್ದು ಬೂದು ಬೆಕ್ಕಿಗೆ. ಕಾಲವಲ್ಲದ ಕಾಲದಲ್ಲಿ ನಾಲ್ಕು ಮರಿ ಹಾಕಿದ್ದ ಅದು ಅವನ್ನು ಗೋದಲಿಯ ಹುಲ್ಲಿನಿಂದ ಹಾಲಿನ ಕೋಣೆಗೆ ಸಾಗಿಸಿತು. ಅಲ್ಲಿನ ಹೀಟರ್ ಆರಿಸಿದ ಮೇಲೆ ಗೋಣಿಚೀಲಗಳ ಸಂದಿಗೆ. ಕತ್ತಿನ ತೊಗಲು ಕಚ್ಚಿ ಒಂದೊಂದನ್ನೇ ಒಯ್ಯುವುದು. ಕೊನೆಯದನ್ನು ಒಯ್ದ ಮೇಲೂ ಬರಿದಾದ ಗೂಡಿಗೆ ಮತ್ತೊಮ್ಮೆ ಬಂದು ಮೂಸುವುದು. ಬೆಕ್ಕಿಗೆ ಲೆಕ್ಕ ಬರುವುದಿಲ್ಲ. ಆದ್ದರಿಂದ ಎಲ್ಲವೂ ಬಂದವೆಂಬ ನಂಬಿಕೆಯೂ ಇಲ್ಲ.

ಒಂದು ದಿನ ಪಕ್ಕದ ಹೊಲದವರ ನಾಯಿ ಕೊಟ್ಟಿಗೆಗೆ ಮೂತಿ ಹಾಕಿತು. ಬೆಕ್ಕು ಗಂಟಲಲ್ಲೇ ಒಮ್ಮೆ ಗುರ್ರೆಂದಿತು. ನಾಲ್ಕೂ ಮರಿಗಳು ನೆಲಕ್ಕಂಟಿದ ಉಂಡೆಗಳಾದವು. ತಾಯಿ ಬಂದು ನೆಕ್ಕುವವರೆಗೆ ಒಂದು ಮೀಸೆ ಅಲುಗಲಿಲ್ಲ.

"ಸೈನ್ಯದಲ್ಲೂ ಇಂಥ ಶಿಸ್ತು ನೋಡಿಲ್ಲ ನಾನು" ಎಂದು ಆರಿನ್ ಅಡುಗೆಮನೆಯಲ್ಲಿ ಕಾಫಿ ಕುಡಿಯುತ್ತ ವರದಿ ಮಾಡಿದ.

"ಶಿಸ್ತಿನಿಂದ ಚಳಿ ಹೋಗತ್ತಾ, ಮಹಾರಾಯ?" ಅಂದಳು ಹೆಂಡತಿ ಲವೋನ್. "ಒಳಗೆ ತರ್ತೀನಿ. ಒಲೆ ಹಿಂದೆ ಒಂದು ಡಬ್ಬ ಇಟ್ರಾಯ್ತು."

"ಕೊಟ್ಟಿಗೆ ಬೆಕ್ಕು ಕೊಟ್ಟಿಗೇಲಿರ್ಬೇಕು. ನಮ್ಮಪ್ಪನ ಕಾಲದಿಂದ..."

"ನಿಮ್ಮಪ್ಪನ ಕಾಲದಲ್ಲಿ ಕೊಟ್ಟಿಗೇಲಿ ಹಸು ಇತ್ತು."

ಅಷ್ಟರಲ್ಲಿ ಬೆಕ್ಕೇ ಒಂದು ಮರಿಯನ್ನು ಕಚ್ಚಿಕೊಂಡು ಅರೆತೆರೆದ ಬಾಗಿಲಲ್ಲಿ ನಿಂತಿತ್ತು. ಆರಿನ್ ಪೊರಕೆ ಎತ್ತಿ ನೆಲಕ್ಕೆ ಬಡಿದ. "ಹಚಾ! ಲವೋನ್, ಬಾಗಿಲು ಹಾಕು, ಶಾಖ ಹೋಗ್ತಿದೆ. ಊರಿಗೆಲ್ಲ ಬಿಸಿ ಹಂಚೋಕೆ ನಾನೇನು ದಣಿನಾ?"

"ಅವು ಸತ್ರೆ ನಿನ್ನ ತಲೆ ಮೇಲೆ" ಎಂದು ಲವೋನ್ ಬಾಗಿಲು ಹಾಕಿದಳು.

ಮರುದಿನ ಬೆಳಿಗ್ಗೆ ಆರಿನ್ ಆಗಲೇ ಒಮ್ಮೆ ಪೇಟೆಗೆ ಹೋಗಿ ಬಂದಿದ್ದ. ಹಾಲು ಕರೆಯುವ ಕೆಲಸವಿಲ್ಲದವನು ಎಷ್ಟು ಸಲ ಹೋದರೂ ಕಡಿಮೆಯೇ. ಗೋಣಿಯ ಸಂದಿ ಬರಿದಾಗಿರುವುದನ್ನು ನೋಡಿದ. ಬೆಕ್ಕು ಎಲ್ಲೋ ಒಳ್ಳೆಯ ಜಾಗ ಹುಡುಕಿಕೊಂಡಿದೆ ಎಂದು ಎದೆ ಹಗುರಾಯಿತು. ಮತ್ತೆ ಹೊರಡಲು ಪಿಕಪ್ಪಿನ ಬಳಿ ಬಂದ.

ಆ ಸೀಮೆಯಲ್ಲಿ ಚಳಿಗಾಲದಲ್ಲಿ ಬಾನೆಟ್ಟಿಗೆ ಗುದ್ದದೆ ಯಾರೂ ಗಾಡಿ ಚಾಲೂ ಮಾಡುವುದಿಲ್ಲ. ಬಿಸಿ ಎಂಜಿನ್ನಿನ ಮೇಲೆ ಬೆಕ್ಕುಗಳು ಮಲಗಿರುತ್ತವೆ. ಆರಿನ್ ನೇಮ ತಪ್ಪುವವನಲ್ಲ. ಎರಡು ಸಲ ಗುದ್ದಿದ. ಒಳಗೆ ಗುರ್ರೆಂದಿತು, ಬೂದು ಬೆಕ್ಕು ಕೆಳಗಿನಿಂದ ನೆಗೆದು ಹಿಮದ ಮೇಲೆ ನಿಂತಿತು.

"ನೀನಾ? ಆಚೆ ಬಂದ್ಯಲ್ಲ, ಸರಿ" ಎಂದು ಒಳಗೆ ಕೂತು ಕೀಲಿ ತಿರುಗಿಸಿದ.

ಶಬ್ದ ಕೇಳಿದ ತಕ್ಷಣ ಆರಿಸಿದ. ಆದರೂ ತಡವಾಗಿತ್ತು. ತಾಯಿ ಗುರ್ರೆಂದು ಹೇಳಿದಂತೆ ನಾಲ್ಕೂ ಮರಿಗಳು ಎಂಜಿನ್ನಿನ ಸಂದಿಯಲ್ಲಿ ಅಲುಗದೆ ಕೂತಿದ್ದವು.

ಲವೋನ್ ಹಳೆಯ ಟವೆಲ್ ತಂದಳು. ಮೂರನ್ನು ಅದರಲ್ಲಿ ಸುತ್ತಿದಳು. ನಾಲ್ಕನೆಯದನ್ನು ಬೆಕ್ಕೇ ಬ್ಯಾಟರಿಯ ಪಕ್ಕದಿಂದ ಎಳೆದು ತಂದಿತ್ತು. ಅದು ಕಿರುಚುತ್ತಿತ್ತು, ಜೀವವಿತ್ತು.

ಆರಿನ್ ಹೋಗಿ ಅಡುಗೆಮನೆಯ ಬಾಗಿಲನ್ನು ಪೂರ್ತಿ ತೆರೆದು ಹಿಡಿದ. "ಬಾ" ಅಂದ. "ಬಾ, ಬಾರೇ ತಾಯಿ." ಬೆಕ್ಕನ್ನು ಅವನು ಕರೆದದ್ದು ಇದೇ ಮೊದಲು, ದನಿ ಹಸುಗಳನ್ನು ಕೂಗಿ ಕರೆಯುವಂತೆ ಬಂತು.

ಬೆಕ್ಕು ಮರಿಯನ್ನು ಕಚ್ಚಿಕೊಂಡೇ ಬಾಗಿಲನ್ನು ನೋಡಿತು. ಒಳಗೆ ಮೂಲೆಗೊರಗಿಸಿದ್ದ ಪೊರಕೆ ಅಲ್ಲೇ ಇತ್ತು. ತಿರುಗಿ ಹಿಮ ತುಳಿಯುತ್ತ ಕೊಟ್ಟಿಗೆಯ ಕಡೆ ನಡೆಯಿತು.

ಸ್ವಲ್ಪ ಹೊತ್ತಿಗೆ ಒಂಟಿಯಾಗಿ ವಾಪಸು ಬಂತು. ಪಿಕಪ್ಪಿನ ಕೆಳಗೆ ತೂರಿ, ಮರಿಗಳನ್ನು ಕರೆಯುವ ಮೆಲುದನಿಯಲ್ಲಿ ಕರೆಯಿತು. ಮೂಸಿತು. ಹೋಯಿತು. ಮತ್ತೆ ಬಂತು.

"ಬಾಗಿಲು ಹಾಕು" ಅಂದಳು ಲವೋನ್, ಮೆಲ್ಲಗೆ. "ಶಾಖ ಹೋಗ್ತಿದೆ."

"ಹೋಗ್ಲಿ" ಅಂದ ಆರಿನ್, ಹಾಗೇ ಹಿಡಿದುಕೊಂಡು ನಿಂತ.