ಡಾಕ್ಟರಿಗೆ ಹೇಳದ ಮಾತ್ರೆ

ಗಾಜಿನಂಗಡಿಯ ಯಜಮಾನರಿಗೆ ಭಾವಮೈದುನನನ್ನು ಕಂಡರೆ ಪ್ರೀತಿಯೇ. ತೋರಿಸುವ ರೀತಿ ಮಾತ್ರ ಬೇರೆ. ಹೃದಯದ ರಕ್ತನಾಳಕ್ಕೆ ಸ್ಟೆಂಟ್ ಹಾಕಿಸಿಕೊಂಡು ಬಂದ ದಿನದಿಂದ ಅವನಿಗೆ ಪಿಂಗಾಣಿ ಎಂದು ಹೆಸರಿಟ್ಟಿದ್ದರು. ಅವನು ಗಾಜು ಎತ್ತಲು ಬಂದರೆ, "ದೂರ ನಿಲ್ಲಪ್ಪಾ ಪಿಂಗಾಣಿ, ಬಿದ್ದರೆ ಎರಡೂ ಒಡೀತವೆ" ಎನ್ನುತ್ತಿದ್ದರು. ಗಿರಾಕಿಗಳು ನಗುತ್ತಿದ್ದರು. ಪಿಂಗಾಣಿಯೂ ಹಲ್ಲುಕಿರಿದು ಗಲ್ಲಾಪೆಟ್ಟಿಗೆಯ ಹಿಂದೆ ಹೋಗಿ ಕೂರುತ್ತಿದ್ದ.

ಹೀಗಿರುವಾಗ ಹೋದ ವರ್ಷ ಯಜಮಾನರ ಎದೆಬಡಿತವೇ ಲಯ ತಪ್ಪಿತು. ದೊಡ್ಡಾಸ್ಪತ್ರೆಯವರು ದಿನಾ ನುಂಗಲು ಮಾತ್ರೆ ಕೊಟ್ಟರು. ಇದು ಗೊತ್ತಿದ್ದದ್ದು ಹೆಂಡತಿಗೊಬ್ಬಳಿಗೆ. "ನಿನ್ನ ತಮ್ಮನ ಕಿವಿಗೆ ಬಿತ್ತೋ, ನಾನು ಅಂಗಡಿಗೆ ಕಾಲಿಡಲ್ಲ" ಎಂದು ಅವಳ ಬಾಯಿಗೆ ಬೀಗ ಹಾಕಿದ್ದರು.

ಆಮೇಲೆ ಕೆಮ್ಮು ಬಂತು. ಬಂದದ್ದು ಹೋಗಲಿಲ್ಲ. ಪಿಂಗಾಣಿಯೇ ಸ್ಕೂಟರಿನಲ್ಲಿ ಕೂರಿಸಿಕೊಂಡು ಕ್ಲಿನಿಕ್ಕಿಗೆ ಕರೆದೊಯ್ದ. ಬೇಡವೆಂದರೂ ಒಳಗೆ ಬಂದು ಸ್ಟೂಲಿನ ಮೇಲೆ ಕೂತ.

"ಕಫ ಕಟ್ಟಿದೆ, ಆಂಟಿಬಯೋಟಿಕ್ ಬರೀತೀನಿ," ಎಂದರು ಡಾಕ್ಟರಮ್ಮ. "ಬೇರೆ ಮಾತ್ರೆ ಏನಾದರೂ ತಗೋತೀರಾ? ಬಿಪಿ, ಶುಗರ್, ಹಾರ್ಟು?"

ಯಜಮಾನರು ಓರೆಗಣ್ಣಿನಲ್ಲಿ ಸ್ಟೂಲಿನ ಕಡೆ ನೋಡಿದರು. "ನನಗೇನಮ್ಮಾ? ಗುಂಡುಕಲ್ಲಿನ ಹಾಗಿದ್ದೀನಿ."

ಮನೆಯಲ್ಲಿ ಹೆಂಡತಿ, "ಆ ಮಾತ್ರೆ ವಿಷಯ ಹೇಳಿದ್ರಾ?" ಎಂದಳು.

"ಹೇಳದೆ ಇರ್ತೀನಾ?" ಎಂದು ಹಳೆಯ ಮಾತ್ರೆ, ಹೊಸ ಮಾತ್ರೆ ಎರಡನ್ನೂ ಒಟ್ಟಿಗೆ ಬಾಯಿಗೆ ಹಾಕಿಕೊಂಡು ನೀರು ಕುಡಿದರು.

ಒಂದೆರಡು ದಿನ ಕಳೆಯಿತು. ಹಲ್ಲಿನ ಡಾಕ್ಟರ ಬಾಗಿಲಿಗೆ ಗಾಜು ಕೂರಿಸಬೇಕಿತ್ತು. ಕೆಲಸದವನು ರಜೆ. ಬೇರೆ ದಾರಿ ಕಾಣದೆ ಯಜಮಾನರು ಪಿಂಗಾಣಿಗೆ ಒಂದು ತುದಿ ಹಿಡಿಯಲು ಅಪ್ಪಣೆ ಕೊಟ್ಟರು. ಹೇಗೆ ಹಿಡಿಯಬೇಕೆಂದು ಅಂಗಡಿ ಬಾಗಿಲಿನಿಂದ ರಸ್ತೆಯವರೆಗೂ ಪಾಠ ಹೇಳಿದರು. ರಸ್ತೆ ದಾಟಿ ಫುಟ್‌ಪಾತ್ ಹತ್ತುವಾಗ ಅವರ ಎದೆಯೊಳಗೆ ಏನೋ ಪಟಪಟ ಹೊಡೆದುಕೊಂಡಿತು. ಕಣ್ಣು ಕತ್ತಲಿಟ್ಟಿತು. "ಲೋ, ಗಾಜು..." ಎಂದಷ್ಟೇ ನೆನಪು.

ಪಿಂಗಾಣಿ ಗಾಜನ್ನು ಆಚೆ ತಳ್ಳಿ ಭಾವನನ್ನು ತಬ್ಬಿ ಹಿಡಿದ. ಗಾಜು ಪುಡಿಪುಡಿಯಾಯಿತು. ಭಾವ ಇಡಿಯಾಗಿ ಉಳಿದರು.

ದೊಡ್ಡಾಸ್ಪತ್ರೆಯಲ್ಲಿ ಇಸಿಜಿ ಕಾಗದ, ಕ್ಲಿನಿಕ್ಕಿನ ಚೀಟಿ ಹಿಡಿದು ಬಂದ ಡಾಕ್ಟರು ಬೇರೆ ಮಾತ್ರೆಯ ಹಳೆಯ ಪ್ರಶ್ನೆಯನ್ನೇ ಕೇಳಿದರು. ಪಿಂಗಾಣಿ ಮಂಚದ ಪಕ್ಕದಲ್ಲೇ ನಿಂತಿದ್ದ. ಯಜಮಾನರು ಸೀಲಿಂಗ್ ಫ್ಯಾನಿಗೆ ಉತ್ತರ ಕೊಟ್ಟರು: "ಒಂದಿದೆ. ಬಡಿತದ್ದು."

"ಅದೇ ನೋಡಿ. ಈ ಆಂಟಿಬಯೋಟಿಕ್ಕಿನಿಂದ ಬಹಳ ಜನಕ್ಕೆ ಏನೂ ಆಗಲ್ಲ. ನಿಮ್ಮ ಮಾತ್ರೆ ಜೊತೆ ಸೇರಿದರೆ ಬಡಿತ ಇನ್ನಷ್ಟು ಕೆಡಬಹುದು, ಪ್ರಾಣಕ್ಕೂ ಅಪಾಯ. ಬೇರೆ ಕೊಡ್ತೀನಿ. ಮೊದಲೇ ಯಾಕೆ ಹೇಳಲಿಲ್ಲ?"

ಡಾಕ್ಟರು ಹೋದ ಮೇಲೆ ಪಿಂಗಾಣಿ ಕೇಳಿದ: "ಯಾವಾಗಿನಿಂದ ಭಾವಾ?"

"ಹೋದ ವರ್ಷದಿಂದ."

"ಅಲ್ಲಿಂದ ಇಲ್ಲಿವರೆಗೂ ನನ್ನನ್ನ ಗಾಜು ಮುಟ್ಟೋಕೆ ಬಿಡಲಿಲ್ಲವಲ್ಲ. ನನಗೆ ಹೇಳಿದ್ದರೆ ನಾನೇನು ನಗ್ತಿದ್ದೆನಾ?"

"ನಗ್ತಿರಲಿಲ್ವಾ?"

ಪಿಂಗಾಣಿ ಯೋಚಿಸಿದ. "ನಗ್ತಿದ್ದೆ. ಆದರೆ ಡಾಕ್ಟರ ಹತ್ತಿರ ನಾನೇ ಹೇಳ್ತಿದ್ದೆ."

ಅಷ್ಟರಲ್ಲಿ ಅವನ ಫೋನು ಬಡಿದುಕೊಂಡಿತು. ಹಲ್ಲಿನ ಡಾಕ್ಟರು, ಬಾಗಿಲಿಲ್ಲದೆ ಕೂತಿದ್ದರು.

"ನಾಳೆ ಹಾಕಿಸ್ತೀವಿ ಸಾರ್. ಇಲ್ಲ, ಯಾರಿಗೂ ಏನೂ ಆಗಿಲ್ಲ. ನನ್ನ ಕೈ ಜಾರಿತು ಅಷ್ಟೇ."

ಎದೆಗೆ ಅಂಟಿಸಿದ್ದ ವೈರುಗಳ ನಡುವೆ ಯಜಮಾನರು ಅದನ್ನು ಕೇಳಿಸಿಕೊಂಡರು. ಏನೋ ಹೇಳಲು ಬಾಯಿ ತೆರೆದರು, ಕೆಮ್ಮು ಬಂತು. ಪಿಂಗಾಣಿ ಅವರನ್ನು ಎತ್ತಿ ಕೂರಿಸಿ ಬೆನ್ನು ನೀವಿದ.