ಒದ್ದೆ ಗಂಟು

ವರ್ಲೀನ್‌ಗೆ ಬಗ್ಗಿ ಬೂಟಿನ ದಾರ ಕಟ್ಟಿಕೊಳ್ಳಲು ಆಗದೆ ಐದು ತಿಂಗಳಾಗಿತ್ತು. ಬೆಳಿಗ್ಗೆ ಪಾಳಿಗೆ ಮುಂಚೆ ಅವಳು ಬೆಂಚಿನ ಮೇಲೆ ಕಾಲು ಚಾಚಿ ಕೂರುತ್ತಿದ್ದಳು. ಜೊತೆಗೆ ಕೆಲಸ ಮಾಡುವ ಒಡೆಟಾ ಮಂಡಿಯೂರಿ ಎರಡೂ ದಾರ ಕಟ್ಟುತ್ತಿದ್ದಳು.

"ಐವತ್ತಾರಕ್ಕೇ ಮಗು ಆಗ್ಬಿಟ್ಯಲ್ಲೇ."

"ಅಷ್ಟು ಬಿಗೀಬೇಡ ಕಣೆ. ಕಾಲಾದ್ರೂ ನೆಟ್ಟಗಿರ್ಲಿ."

ಓಹಾಯೋ ನದಿಯ ದಡದ ಆ ಲಾಂಡ್ರಿಗೆ ಹನ್ನೊಂದು ಆಸ್ಪತ್ರೆಗಳ ಬೆಡ್‌ಶೀಟುಗಳು ಬರುತ್ತಿದ್ದವು. ಮನೆಯಷ್ಟು ಎತ್ತರದ ಯಂತ್ರಗಳು ಅವನ್ನು ಒಗೆದು, ಹಗ್ಗದಂತೆ ಹುರಿಗಟ್ಟಿದ ಒದ್ದೆ ಗಂಟುಗಳನ್ನಾಗಿ ಹೊರಗೆ ಉಗುಳುತ್ತಿದ್ದವು. ಒಂದೊಂದು ಗಂಟೂ ತೊಂಬತ್ತು ಪೌಂಡು. ಅದನ್ನು ಎತ್ತಬೇಕು, ಜಾಡಿಸಿ ಬಿಡಿಸಬೇಕು, ಓಡುವ ಬೆಲ್ಟಿನ ಮೇಲೆ ಹಾಕಬೇಕು. ಮೊದಲು ಒಂದೊಂದು ಯಂತ್ರಕ್ಕೂ ಇಬ್ಬರು ನಿಲ್ಲುತ್ತಿದ್ದರು. ಎರಡು ವರ್ಷದ ಹಿಂದೆ ಮ್ಯಾನೇಜರ್ ಪ್ರೂಯಿಟ್ ಒಬ್ಬೊಬ್ಬರನ್ನು ತೆಗೆದ. ಮೊದಲ ಯಂತ್ರದಲ್ಲಿ ಉಳಿದವಳು ವರ್ಲೀನ್. ಹನ್ನೊಂದು ಆಸ್ಪತ್ರೆಗಳ ಬಟ್ಟೆ ಅವಳ ಕೈಯಲ್ಲಿ ಹಾದುಹೋಗುತ್ತಿತ್ತು. ಅವಳ ಬೆನ್ನಿಗೆ ಒಂದು ಆಸ್ಪತ್ರೆಯ ಬಾಗಿಲೂ ತೆರೆದಿರಲಿಲ್ಲ.

ಅದಕ್ಕೆ ಕಾರಣ ಗೇಟಿನ ಒಳಗಿದ್ದ ಹಲಗೆ. ಅದರ ಮೇಲೆ ಬರೆದಿತ್ತು: ಯಾರಿಗೂ ಪೆಟ್ಟಾಗದ ದಿನಗಳು, ಮುನ್ನೂರ ಐವತ್ತೆಂಟು. ಒಂದು ವರ್ಷ ತುಂಬಿದರೆ ಅರವತ್ತು ಹೆಂಗಸರಿಗೂ ಕ್ರಿಸ್ಮಸ್‌ಗೆ ಮೂರು ದಿನ ಸಂಬಳದ ರಜೆ. ಇಲ್ಲಿನ ಕೆಲಸದಲ್ಲಿ ಪೆಟ್ಟಾಗಿ ಒಬ್ಬಳು ಆಸ್ಪತ್ರೆ ಸೇರಿದರೂ ಹಲಗೆ ಸೊನ್ನೆಗೆ ಇಳಿಯುತ್ತದೆ, ಎಲ್ಲರ ರಜೆಯೂ ಹೋಗುತ್ತದೆ. ಅಲಬಾಮಾದಲ್ಲಿದ್ದ ಅಮ್ಮನನ್ನು ಒಡೆಟಾ ನೋಡಿ ನಾಲ್ಕು ವರ್ಷವಾಗಿತ್ತು.

"ಇನ್ನು ಏಳೇ ದಿನ ಕಣೆ, ಹೇಗಾದ್ರೂ ತಡ್ಕೋ," ಎಂದಿದ್ದಳು. ಹೇಳಿ ಮುಖ ತಿರುಗಿಸಿಕೊಂಡಿದ್ದಳು.

ಆಸ್ಪತ್ರೆಯ ಬದಲಿಗೆ ಪ್ರೂಯಿಟ್ ಹಿಂದಿನ ಕೋಣೆಯಲ್ಲಿ ಒಂದು ಮೇಜು ಹಾಕಿಸಿದ್ದ. "ಕೊಯ್ಯೋದಿಲ್ಲ, ಸೂಜಿ ಇಲ್ಲ. ಮಲ್ಕೊಂಡ್ರೆ ಸಾಕು, ಬೆನ್ನುಮೂಳೆ ತಾನೇ ಬಿಡಿಸಿಕೊಳ್ಳುತ್ತೆ," ಎಂದಿದ್ದ. ಎರಡು ಭಾಗದ ಮೇಜು. ಎದೆಗೊಂದು ಪಟ್ಟಿ, ಸೊಂಟಕ್ಕೊಂದು ಪಟ್ಟಿ. ಮೋಟಾರು ಗುಂಯ್‌ಗುಟ್ಟಿ ಕೆಳಗಿನ ಭಾಗವನ್ನು ಮೆಲ್ಲಗೆ ಎಳೆಯುತ್ತದೆ, ಒಂದು ನಿಮಿಷ ಹಿಡಿಯುತ್ತದೆ, ಬಿಡುತ್ತದೆ. ಮತ್ತೆ ಎಳೆಯುತ್ತದೆ. ಮೂಳೆಗಳ ನಡುವೆ ಒಂದು ಕೂದಲಷ್ಟು ಜಾಗ ಸಿಕ್ಕಂತಾಗುತ್ತಿತ್ತು. ಆ ಇಪ್ಪತ್ತೈದು ನಿಮಿಷ ವರ್ಲೀನ್‌ಗೆ ಸ್ವರ್ಗ. ಆದರೆ ಅದು ಅವಳ ಊಟದ ಹೊತ್ತು. ಪಟ್ಟಿ ಬಿಚ್ಚಿದ ಕೂಡಲೇ ಮತ್ತೆ ಗಂಟು ಎತ್ತಬೇಕು.

"ಇದಾದ ಮೇಲೆ ಇವತ್ತೆಲ್ಲ ಭಾರ ಎತ್ತಬಾರದು, ಮಿಸ್ ವರ್ಲೀನ್," ಎನ್ನುತ್ತಿದ್ದಳು ಮೇಜು ನಡೆಸುವ ಹುಡುಗಿ ಕೇಲಿನ್.

"ಅದನ್ನ ಬೆಲ್ಟಿಗೆ ಹೇಳಮ್ಮ."

ಕೇಲಿನ್ ಒಳ್ಳೆಯವಳು. ಒಂದು ಟವೆಲನ್ನು ಡ್ರೈಯರಿನಲ್ಲಿ ಬಿಸಿ ಮಾಡಿ ತಂದು ವರ್ಲೀನಳ ಕತ್ತಿನ ಕೆಳಗೆ ಇಡುತ್ತಿದ್ದಳು. ಹಾಗೆ ಮಾಡಲು ಯಾರೂ ಹೇಳಿರಲಿಲ್ಲ. ಮೋಟಾರು ಎಳೆಯುವಾಗ ಭಯವಾಗದಿರಲೆಂದು ಮಾತಾಡಿಸುತ್ತಿದ್ದಳು. ಭಾನುವಾರ ಏನು ಮಾಡಿದಿರಿ ಎಂದು ಕೇಳಿದಾಗ ವರ್ಲೀನ್ ಹಿಗ್ಗಿ ಹೇಳಿದ್ದಳು: ಚರ್ಚಿನಲ್ಲಿ ತಂಗಿಯ ಮೊಮ್ಮಗುವಿಗೆ ಆಶೀರ್ವಾದದ ದಿನ, ಕೂಸನ್ನು ತಾನೇ ಎತ್ತಿಕೊಂಡು ಪಾದ್ರಿಯವರೆಗೆ ನಡೆದೆ ಎಂದು.

ಆ ವಾರ ಎಡಗಾಲಿನ ಬೆರಳುಗಳು ಮರಗಟ್ಟಿದವು. ಸೂಜಿಯಿಂದ ಚುಚ್ಚಿದರೂ ತಿಳಿಯಲಿಲ್ಲ. ಕೇಲಿನ್ ಮೋಟಾರು ನಿಲ್ಲಿಸಿಬಿಟ್ಟಳು.

"ಇದು ಈ ಮೇಜಿನ ಕೈಲಿ ಆಗೋ ಕೆಲಸ ಅಲ್ಲ. ನರ ಒತ್ತಿಕೊಂಡಿದೆ. ಸ್ಕ್ಯಾನ್ ಆಗ್ಲೇಬೇಕು. ತಡ ಮಾಡಿದ್ರೆ ಕಾಲು ಹೋಗುತ್ತೆ."

ವರ್ಲೀನ್ ಪ್ರೂಯಿಟನ ಕೋಣೆಗೆ ಹೋದಳು. ಅವನು ಕುರ್ಚಿ ಎಳೆದು ಕೂರಿಸಿದ. ಒಂದು ಕಾಗದ ಮುಂದಿಟ್ಟ.

"ಸಹಿ ಮಾಡಿ, ಬೇಕಾದ ಡಾಕ್ಟರ ಹತ್ರ ಹೋಗಿ. ನಿಮ್ಮ ಖರ್ಚು, ನಿಮ್ಮ ರಜೆ."

ಕಾಗದದಲ್ಲಿ ಹೀಗಿತ್ತು: ಭಾನುವಾರ ಚರ್ಚಿನಲ್ಲಿ ಮಗುವನ್ನು ಎತ್ತಿದ್ದರಿಂದ ಬೆನ್ನಿಗೆ ಪೆಟ್ಟಾಗಿದೆ.

ವರ್ಲೀನ್ ಎರಡು ಸಲ ಓದಿದಳು. "ಮಗು ಒಂಬತ್ತು ಪೌಂಡು, ಮಿಸ್ಟರ್ ಪ್ರೂಯಿಟ್. ನಿಮ್ಮ ಗಂಟು ತೊಂಬತ್ತು."

"ನೀವೇ ಹೇಳಿದ್ದು. ದಾಖಲೆ ಇದೆ."

ಬಾಗಿಲ ಬಳಿ ಕೇಲಿನ್ ನಿಂತಿದ್ದಳು. "ಪೇಷೆಂಟ್ ಹೇಳಿದ್ದೆಲ್ಲಾ ಟೈಪ್ ಮಾಡಬೇಕು ಅಂತ ರೂಲು... ಇದಕ್ಕೆ ಅಂತ ನಂಗೊತ್ತಿರ್ಲಿಲ್ಲ, ಮಿಸ್ ವರ್ಲೀನ್," ಎಂದು ಅಳತೊಡಗಿದಳು.

"ಗೊತ್ತು ಕಂದಾ," ಎಂದಳು ವರ್ಲೀನ್. ಟವೆಲಿನ ಬಿಸಿ ಸುಳ್ಳಾಗಿರಲಿಲ್ಲ. ಅದನ್ನೂ ಇವರು ಬಳಸಿಕೊಳ್ಳದೆ ಬಿಡಲಿಲ್ಲವಲ್ಲ ಎಂದುಕೊಂಡಳು.

ಕಾಗದವನ್ನು ಹಿಂದಕ್ಕೆ ತಳ್ಳಿದಳು. "ಆ ಕೂಸಿನ ಮೇಲೆ ಹೊರೆ ಹೊರಿಸಲ್ಲ ನಾನು. ಪೆಟ್ಟಾಗಿದ್ದು ಇಲ್ಲಿ. ಇಲ್ಲೇ ಆಯ್ತು ಅಂತ ಬರೀರಿ."

"ಸಹಿ ಇಲ್ಲ ಅಂದ್ರೆ ನಿಮಗೆ ಪೆಟ್ಟೇ ಆಗಿಲ್ಲ. ನಡೀರಿ ನಿಮ್ಮ ಜಾಗಕ್ಕೆ."

ಅವನು ಅವಳ ಹಿಂದೆಯೇ ಬಂದ. ಯಂತ್ರಗಳ ಸದ್ದಿನ ಮೇಲೆ ಕೂಗಿ ಹೇಳಿದ: "ಎಲ್ಲರೂ ಕೇಳಿಸ್ಕೊಳ್ಳಿ! ರಜೆ ಹೋದ್ರೆ ನನ್ನ ಬೈಬೇಡಿ. ವರ್ಲೀನ್‌ನ ಕೇಳಿ."

ಎಲ್ಲರ ಮುಖಗಳೂ ತಿರುಗಿದವು. ವರ್ಲೀನ್ ಯಾರನ್ನೂ ನೋಡಲಿಲ್ಲ. ಯಂತ್ರ ಒಂದು ಗಂಟನ್ನು ಉಗುಳಿತು. ಅವಳು ಎರಡೂ ಕೈ ಹಾಕಿದಳು. ಗಂಟು ಮೊಣಕಾಲಿನವರೆಗೆ ಎದ್ದಿತು. ಸೊಂಟದಲ್ಲಿ ಬೆಂಕಿ ಹರಿಯಿತು. ಬಿದ್ದೇಬಿಟ್ಟೆ ಎಂದುಕೊಂಡಳು.

ಭಾರ ತಟ್ಟನೆ ಅರ್ಧವಾಯಿತು.

ಇನ್ನೊಂದು ತುದಿಯನ್ನು ಒಡೆಟಾ ಹಿಡಿದಿದ್ದಳು.

"ನಿಮ್ಮಮ್ಮ..." ಎಂದಳು ವರ್ಲೀನ್.

"ಅಮ್ಮ ಇದೇ ಕೆಲಸ ಮಾಡಿ ಮೂಲೆ ಹಿಡಿದಿದ್ದು ಕಣೆ. ಮಾತು ಸಾಕು, ಎತ್ತು."

"ಒಡೆಟಾ, ಮಡಿಚೋ ಮೇಜು ನಿನ್ನದು. ಅಲ್ಲಿಗೆ ಹೋಗು," ಎಂದ ಪ್ರೂಯಿಟ್.

"ಇಲ್ಲಿ ಇಬ್ರು ಇರ್ತಿದ್ರು. ಒಬ್ರನ್ನ ತೆಗೆದವರು ಯಾರು? ನಿಮ್ಮ ಹಲಗೆನ ಕೇಳ್ಬೇಕಾ?"

ಎರಡನೆಯ ಯಂತ್ರದ ಬಳಿ ಒಬ್ಬಳು ತನ್ನ ಗಂಟನ್ನು ಕೆಳಗಿಟ್ಟಳು. "ನನ್ನ ಭುಜ ನೋಯ್ತಿದೆ, ಮಾರ್ಚಿಂದ," ಎಂದಳು, ಯಾರಿಗೆಂದಿಲ್ಲದೆ. ಇನ್ನೊಬ್ಬಳು ಬಂದು ಅವಳ ಜೊತೆ ನಿಂತಳು. ಮಡಿಚುವ ಮೇಜುಗಳು ಒಂದೊಂದಾಗಿ ಖಾಲಿಯಾದವು. ಒಂದು ಗಂಟಿಗೆ ಇಬ್ಬರು. ಬೆಲ್ಟಿನ ಮೇಲೆ ಬಟ್ಟೆ ವಿರಳವಾಯಿತು.

"ಹೊರಗೆ ಕೆಲಸಕ್ಕೆ ಜನ ಕಾಯ್ತಿದಾರೆ!" ಪ್ರೂಯಿಟನ ಧ್ವನಿ ಒಡೆದಿತ್ತು. ಅದು ಸುಳ್ಳೂ ಅಲ್ಲ, ಎಲ್ಲರಿಗೂ ಗೊತ್ತಿತ್ತು.

ಒಡೆಟಾ ಕೆಳಗೆ ನೋಡಿದಳು. ವರ್ಲೀನಳ ಎಡ ಬೂಟಿನ ದಾರ ಬಿಚ್ಚಿ ನೀರಿನಲ್ಲಿ ಹರಡಿ ಬಿದ್ದಿತ್ತು. ವರ್ಲೀನ್‌ಗೆ ತಿಳಿದೇ ಇರಲಿಲ್ಲ. ಆ ಕಾಲಿಗೆ ಈಗ ಏನೂ ತಿಳಿಯುತ್ತಿರಲಿಲ್ಲ.

"ನಿಂತ್ಕೋ," ಎಂದಳು ಒಡೆಟಾ. ಪ್ರೂಯಿಟನ ಎದುರಿಗೇ, ಒದ್ದೆ ನೆಲದ ಮೇಲೆ ಮಂಡಿಯೂರಿ, ಅವಸರವಿಲ್ಲದೆ ದಾರ ಕಟ್ಟತೊಡಗಿದಳು. ಅವಳು ಎದ್ದು ನಿಲ್ಲುವವರೆಗೆ ಯಾರೂ ಒಂದು ಗಂಟನ್ನೂ ಮುಟ್ಟಲಿಲ್ಲ. ಬೆಲ್ಟು ಬರಿದಾಗಿ ಓಡುತ್ತಿತ್ತು.